ಬೆಳಗಿನ ಹೊಟ್ಟೆನೋವು: ಮೂರನೇ ಕ್ಲಾಸಿನ ಹುಡುಗಿಯೊಬ್ಬಳ ಪ್ರಕರಣ ಅಧ್ಯಯನ

ಹಿನ್ನೆಲೆ

ತುಮಕೂರು ಕಡೆಯ ಒಂದು ತಾಲ್ಲೂಕು ಕೇಂದ್ರ. ಮನೆಯಲ್ಲಿ ಐದು ಜನ: ಅಪ್ಪ, ಅಮ್ಮ, ಅಪ್ಪನ ತಾಯಿ, ಎಂಟೂವರೆ ವರ್ಷದ ಮಗಳು, ಮೂರು ವರ್ಷದ ಮಗ. ಅಪ್ಪನದು ಹಾರ್ಡ್‌ವೇರ್ ಅಂಗಡಿ, ಬಾಗಿಲು ಹಾಕುವುದು ರಾತ್ರಿ ಒಂಬತ್ತಕ್ಕೆ. ಅಮ್ಮ ಕಚೇರಿಯಿಂದ ಬರುವುದು ಸಂಜೆ ಆರೂಕಾಲಿಗೆ. ಮಗಳು ಖಾಸಗಿ ಶಾಲೆಯಲ್ಲಿ ಮೂರನೇ ಕ್ಲಾಸು. ಬೆಳಗ್ಗೆ 7:35ಕ್ಕೆ ವ್ಯಾನ್, ಮಧ್ಯಾಹ್ನ 3:45ಕ್ಕೆ ವಾಪಸ್. ತೂಕ 22 ಕಿಲೋ, ಎತ್ತರ 122 ಸೆಂಟಿಮೀಟರ್, ವಯಸ್ಸಿಗೆ ತಕ್ಕ ಹಾಗೆ ಬೆಳೆದ ಮಗು. ಗುರುತು ಸಿಗುವಂಥ ವಿವರಗಳನ್ನು ಇಲ್ಲಿ ಬಿಟ್ಟಿದೆ.

ಬಡತನವಿಲ್ಲದ, ಜಗಳಗಂಟರಲ್ಲದ, ಮಕ್ಕಳ ಮೇಲೆ ಜೀವ ಇಟ್ಟುಕೊಂಡ ಮನೆ ಇದು. ಇಂಥ ಮನೆಯಲ್ಲೂ ಒಂದು ಮಗು ನಾಲ್ಕು ತಿಂಗಳು ನರಳಿತು, ಯಾರಿಗೂ ಕಾರಣ ಹೊಳೆಯಲಿಲ್ಲ. ಅದಕ್ಕೇ ಇದನ್ನು ವಿವರವಾಗಿ ಬರೆಯಬೇಕಾಯಿತು.

ಎಲ್ಲರಿಗೂ ಕಂಡಿದ್ದು ಏನು

ಜೂನ್‌ನಲ್ಲಿ ಶಾಲೆ ಶುರುವಾದ ಎರಡು ವಾರಕ್ಕೆ ಬೆಳಗಿನ ಹೊಟ್ಟೆನೋವು ಶುರುವಾಯಿತು. ಹೊಕ್ಕುಳ ಸುತ್ತ ನೋವು, ಎದ್ದ ಅರ್ಧ ಗಂಟೆಗೆ ಬರುತ್ತಿತ್ತು, ವ್ಯಾನ್ ಹೋದ ಮೇಲೆ ಕಮ್ಮಿಯಾಗುತ್ತಿತ್ತು. ಭಾನುವಾರ ಬಹುಮಟ್ಟಿಗೆ ಇರುತ್ತಿರಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ 14 ದಿನ ಶಾಲೆ ತಪ್ಪಿತ್ತು. ಕ್ಲಾಸ್ ಟೀಚರ್ ಡೈರಿಯಲ್ಲಿ ಎರಡು ಸಲ "ಪಾಠದ ಕಡೆ ಗಮನ ಇಲ್ಲ, ತೂಕಡಿಸುತ್ತಾಳೆ" ಎಂದು ಬರೆದಿದ್ದರು.

ಅಜ್ಜಿಯ ತೀರ್ಮಾನ: "ನಾಟಕ ಮಾಡ್ತಾಳೆ, ವ್ಯಾನ್ ಹೋದ್ ತಕ್ಷಣ ನೋವೆಲ್ಲ ಮಾಯ." ಅಪ್ಪನ ತೀರ್ಮಾನ: ಓದಲು ಸೋಮಾರಿತನ. ಅಮ್ಮನಿಗೆ ಮಾತ್ರ ಇನ್ನೊಂದು ಚಿಂತೆ ಇತ್ತು, ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಮಗಳ ಚಡ್ಡಿಯಲ್ಲಿ ಆಗಾಗ ಕಲೆ ಕಾಣುತ್ತಿತ್ತು. ತೊಳೆದುಕೊಳ್ಳಲು ಬರುವುದಿಲ್ಲವೆಂದು ಬೈದಿದ್ದರು. ಆಗಸ್ಟಿನಲ್ಲಿ ಒಂದು ದಿನ ವಾಷಿಂಗ್ ಮೆಷಿನ್ನಿನ ಹಿಂದೆ ನ್ಯೂಸ್‌ಪೇಪರಿನಲ್ಲಿ ಸುತ್ತಿಟ್ಟ ಮೂರು ಚಡ್ಡಿ ಸಿಕ್ಕವು. ಬೈಗುಳ ತಪ್ಪಿಸಿಕೊಳ್ಳಲು ಮಗು ಬಚ್ಚಿಟ್ಟಿತ್ತು.

ಅಷ್ಟರಲ್ಲಿ ಮನೆಯವರು ಏನೇನು ಮಾಡಿರಲಿಲ್ಲ! ದೃಷ್ಟಿ ತೆಗೆದರು. ಓಮದ ಕಷಾಯ ಕೊಟ್ಟರು. ಜಂತುಹುಳು ಇರಬಹುದೆಂದು ಆಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆ ಕೊಟ್ಟರು. ಮೆಡಿಕಲ್ ಶಾಪಿನಿಂದ ಗ್ಯಾಸಿನ ಸಿರಪ್ ತಂದರು. ಒಂದು ಭಾನುವಾರ ಹರಳೆಣ್ಣೆ ಕುಡಿಸಿದರು. ಅವತ್ತು ಹೊಟ್ಟೆ ಹಿಂಡಿ ಮಗು ಅತ್ತ ಅಳುವಿಗೆ ಅಲ್ಲಿಂದಾಚೆ ಟಾಯ್ಲೆಟ್ ಅಂದರೇ ಹೆದರಿಕೆಯಾಯಿತು. ಸ್ಕ್ಯಾನಿಂಗ್ ಮಾಡಿಸಿದರು. ರಿಪೋರ್ಟಿನಲ್ಲಿ "ಮೆಸೆಂಟೆರಿಕ್ ಲಿಂಫ್ ನೋಡ್" ಎಂಬ ಪದ ನೋಡಿ ಮನೆಯವರ ಜೀವ ಬಾಯಿಗೆ ಬಂತು. ಆದರೆ ಕರುಳಿನ ಸುತ್ತ ಸಣ್ಣ ಗ್ರಂಥಿಗಳು ಆರೋಗ್ಯವಾಗಿರುವ ಎಷ್ಟೋ ಮಕ್ಕಳ ಸ್ಕ್ಯಾನಿಂಗ್‌ನಲ್ಲೂ ಕಾಣುತ್ತವೆ; ಅಷ್ಟರಿಂದಲೇ ಹೊಟ್ಟೆನೋವಿಗೆ ಕಾರಣ ಸಿಕ್ಕಿತು ಎನ್ನಲಾಗದು. ಈ ಒಂದು ಮಾತನ್ನು ರಿಪೋರ್ಟ್ ಕೈಗಿಡುವಾಗಲೇ ಹೇಳಿದ್ದರೆ ಎರಡು ವಾರದ ನಿದ್ದೆ ಉಳಿಯುತ್ತಿತ್ತು.

ಈ ಎಲ್ಲ ಓಡಾಟದಲ್ಲಿ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿರಲಿಲ್ಲ. "ಮೋಷನ್ ಸರಿಯಾಗಿ ಆಗ್ತಾ ಇದೆಯಾ?" ಎಂದು ಕೇಳಿದವರಿಗೆಲ್ಲ ಅಮ್ಮ "ಆಗ್ತಿದೆ" ಎಂದೇ ಹೇಳಿದ್ದರು. ಎಂಟು ವರ್ಷದ ಮಗು ತಾನೇ ಹೋಗಿ ತಾನೇ ತೊಳೆದುಕೊಂಡು ಬರುತ್ತದೆ. ಬಾಗಿಲ ಹಿಂದೆ ಏನಾಗುತ್ತಿದೆ ಎಂದು ತಾಯಿಗೆ ಗೊತ್ತಿರುವುದಿಲ್ಲ. ಮಗು ತಾನೇ ಹೋಗಿಬರಲು ಕಲಿತ ಮೇಲೆ ಈ ಪ್ರಶ್ನೆಗೆ ಬರುವ "ಹೌದು" ಎಷ್ಟೋ ಸಲ ಊಹೆ.

ಒಂದು ವಾರದ ಲೆಕ್ಕ

ಸೆಪ್ಟೆಂಬರ್ ಕೊನೆಗೆ ನೋಡಿದ ಮಕ್ಕಳ ವೈದ್ಯರು ಔಷಧಿ ಬರೆಯುವ ಮೊದಲು ಒಂದು ವಾರದ ಲೆಕ್ಕ ಬರೆದು ತರಲು ಹೇಳಿದರು. ನಾಲ್ಕು ಕಾಲಂ ಸಾಕು: ಎದ್ದ ಮತ್ತು ನಿದ್ದೆ ಹತ್ತಿದ ಹೊತ್ತು; ತಿಂದಿದ್ದು ಕುಡಿದಿದ್ದು, ಅಳತೆ ಸಮೇತ; ಎರಡಕ್ಕೆ ಹೋದದ್ದು, ಹೇಗಿತ್ತು; ನೋವು ಬಂದ ಹೊತ್ತು. ಬರೆಯುವ ಕೆಲಸ ಅಜ್ಜಿಗೆ. ಇದು ಬೇಕೆಂದೇ ಮಾಡಿದ ಆಯ್ಕೆ. ಮಗುವಿನ ಜೊತೆ ಹೆಚ್ಚು ಹೊತ್ತು ಇರುವವರು ಅವರು, "ನಾಟಕ" ಎಂದು ನಂಬಿದ್ದವರೂ ಅವರೇ. ಲೆಕ್ಕ ಬರೆಯುತ್ತಾ ಬರೆಯುತ್ತಾ ಆ ನಂಬಿಕೆ ಅವರಿಗೇ ಕರಗಿತು.

ಹಳೇ ನೋಟ್‌ಬುಕ್ಕಿನ ಏಳು ಪುಟದಲ್ಲಿ ಕಂಡಿದ್ದು ಇಷ್ಟು.

ರಾತ್ರಿ ಊಟ 9:50ಕ್ಕೆ, ಅಪ್ಪ ಬಂದ ಮೇಲೆ. ನಿದ್ದೆ 11ರ ಸುಮಾರಿಗೆ. ಎಬ್ಬಿಸುವುದು 6:40ಕ್ಕೆ. ಅಂದರೆ ಏಳೂಮುಕ್ಕಾಲು ಗಂಟೆಗೂ ಕಮ್ಮಿ ನಿದ್ದೆ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ಬೇಕೆಂದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಹೇಳಿದೆ. ಮಕ್ಕಳು ಮಲಗುವುದು ನಡುಮನೆಯಲ್ಲಿ, ಅಜ್ಜಿಯ ಪಕ್ಕ, ಟೀವಿಯೂ ಅಲ್ಲೇ. ಎಂಟರಿಂದ ಒಂಬತ್ತೂವರೆವರೆಗೆ ಅಜ್ಜಿಯ ಧಾರಾವಾಹಿ, ಆಮೇಲೆ ಅಮ್ಮ ಅಡುಗೆಮನೆ ಮುಗಿಸುವ ತನಕ ಮಗುವಿನ ಕೈಯಲ್ಲಿ ಫೋನ್.

ಬೆಳಗ್ಗೆ ತಿಂಡಿ ಇಲ್ಲ. ಚಾಕೊಲೇಟ್ ಪುಡಿ ಹಾಕಿದ 250 ಮಿಲಿಲೀಟರ್ ಹಾಲು, ಎರಡು ಬಿಸ್ಕೆಟ್. ಶಾಲೆಯಿಂದ ಬಂದು ಮತ್ತೆ 250 ಹಾಲು, ಬೇಕರಿಯ ಪಫ್ಸ್ ಇಲ್ಲವೇ ಚಿಪ್ಸ್. ಮಲಗುವಾಗ ಇನ್ನೊಂದು ಲೋಟ, 200. ದಿನಕ್ಕೆ 700 ಮಿಲಿಲೀಟರ್ ಹಾಲು ಕುಡಿದ ಹೊಟ್ಟೆಗೆ ಹಸಿವೆಲ್ಲಿಂದ ಬರಬೇಕು? ಡಬ್ಬಿಯ ಚಿತ್ರಾನ್ನ ಅರ್ಧ ವಾಪಸ್ ಬರುತ್ತಿತ್ತು. 750 ಮಿಲಿಲೀಟರಿನ ನೀರಿನ ಬಾಟಲಿ ತುಂಬಿದ ಹಾಗೇ ವಾಪಸ್ ಬರುತ್ತಿತ್ತು. ಇಡೀ ದಿನಕ್ಕೆ ಕುಡಿದ ನೀರು ಅರ್ಧ ಲೀಟರ್ ಮುಟ್ಟಿದ್ದು ಎರಡೇ ದಿನ.

ಎರಡಕ್ಕೆ ಹೋಗಿದ್ದು ವಾರಕ್ಕೆ ಎರಡು ಸಲ. ಒಂದು ಸಲ ಕಮೋಡ್ ಕಟ್ಟಿಕೊಂಡು ಅಪ್ಪ ಎರಡು ಬಕೆಟ್ ನೀರು ಸುರಿಯಬೇಕಾಯಿತು. ಬುಧವಾರದ ಪುಟದಲ್ಲಿ ಅಜ್ಜಿ ಬರೆದಿದ್ದರು: "ಸಂಜೆ ಸೋಫಾ ಹಿಂದೆ ಹೋಗಿ ತುದಿಗಾಲಲ್ಲಿ ನಿಂತು ಕಾಲು ಕತ್ತರಿ ಹಾಕಿಕೊಂಡಳು. ಮುಖ ಕೆಂಪಾಯಿತು. ಕೇಳಿದರೆ ಏನಿಲ್ಲ ಅಂದಳು."

ರೋಗನಿರ್ಣಯಕ್ಕೆ ಆ ಒಂದು ಸಾಲೇ ಮುಖ್ಯವಾಯಿತು. ಹಾಗೆ ನಿಲ್ಲುವ ಮಗುವನ್ನು ನೋಡಿದವರು "ಹೋಗಲು ಮುಕ್ಕರಿಯುತ್ತಿದೆ" ಅಂದುಕೊಳ್ಳುತ್ತಾರೆ. ಮಗು ಮಾಡುತ್ತಿರುವುದು ತದ್ವಿರುದ್ಧ: ಬರುತ್ತಿರುವುದನ್ನು ತಡೆಹಿಡಿಯುತ್ತಿದೆ. ವಾರಕ್ಕೆ ಎರಡು ಅಥವಾ ಅದಕ್ಕಿಂತ ಕಮ್ಮಿ ಸಲ ಹೋಗುವುದು, ತಡೆಹಿಡಿಯುವ ಭಂಗಿ, ನೋವು ಕೊಡುವ ಗಟ್ಟಿ ಮಲ, ಟಾಯ್ಲೆಟ್ ಕಟ್ಟುವಷ್ಟು ದಪ್ಪ ಮಲ, ಚಡ್ಡಿಯಲ್ಲಿ ಸೋರುವುದು, ಗುದನಾಳದಲ್ಲಿ ಮಲದ ಗಡ್ಡೆ: ಹೊಟ್ಟೆ, ಕರುಳಿನ ಇಂಥ ತೊಂದರೆ ಗುರುತಿಸಲು ವೈದ್ಯರು ಬಳಸುವ 2016ರ ರೋಮ್-4 ಮಾನದಂಡದ ಪ್ರಕಾರ ಇವುಗಳಲ್ಲಿ ಎರಡು, ಒಂದು ತಿಂಗಳ ಕಾಲ ಕಂಡರೆ ಸಾಕು, ಅದು ಮಲಬದ್ಧತೆ. ಈ ಮಗುವಿನಲ್ಲಿ ಆರೂ ಇದ್ದವು. ಹೊಟ್ಟೆಯ ಎಡಭಾಗದ ಕೆಳಗೆ ವೈದ್ಯರ ಬೆರಳಿಗೇ ಗಟ್ಟಿ ಗಂಟು ಸಿಕ್ಕಿತು.

ಚಡ್ಡಿಯ ಕಲೆಗೂ ಅಲ್ಲೇ ಉತ್ತರ ಇತ್ತು. ಹಿಗ್ಗಿದ ಗುದನಾಳದಲ್ಲಿ ಗಟ್ಟಿ ಮಲ ಕೂತಿರುತ್ತದೆ; ಮೇಲಿನಿಂದ ಬರುವ ತೆಳು ಮಲ ಅದರ ಪಕ್ಕದಲ್ಲಿ ಜಾರಿ ಸೋರುತ್ತದೆ. ನಾಳ ಹಿಗ್ಗಿ ಹಿಗ್ಗಿ ಸ್ಪರ್ಶದ ಅರಿವು ಮಂದವಾಗಿರುವುದರಿಂದ ಮಗುವಿಗೆ ಸೋರಿದ್ದು ಗೊತ್ತೇ ಆಗುವುದಿಲ್ಲ. ಬೈದರೆ ನಿಲ್ಲುವಂಥದ್ದಲ್ಲ ಇದು. ಒಂದು ಸಲ ಇದನ್ನೇ ಭೇದಿ ಅಂದುಕೊಂಡು ಭೇದಿ ನಿಲ್ಲಿಸುವ ಔಷಧಿಯನ್ನೂ ಕೊಟ್ಟಿದ್ದರು. ಕಟ್ಟಿದ್ದು ಇನ್ನಷ್ಟು ಕಟ್ಟಿತು. ವೈದ್ಯರು ಈ ವಿವರವನ್ನು ಮಗುವಿನ ಎದುರೇ ಚಿತ್ರ ಬರೆದು ಹೇಳಿದರು. "ಇದು ನಿನ್ನ ತಪ್ಪಲ್ಲ, ನಿಂಗೆ ಗೊತ್ತಾಗೋಕೆ ಸಾಧ್ಯನೇ ಇರ್ಲಿಲ್ಲ" ಎಂದಾಗ ಅಮ್ಮ ಅತ್ತರು, ಮಗಳು ಅಮ್ಮನ ಮುಖ ನೋಡಿದಳು. ಚಡ್ಡಿ ಬಚ್ಚಿಡುವುದು ಅವತ್ತಿಗೆ ನಿಂತಿತು.

ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ವೈದ್ಯರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆದಿಡುವುದು ಒಳ್ಳೆಯದು. ಹುಟ್ಟಿದಾಗ ಮೊದಲ ಕಪ್ಪು ಮಲ 48 ಗಂಟೆಯೊಳಗೆ ಹೋಗಿತ್ತೆ? ತೂಕ ಇಳಿದಿದೆಯೆ? ಮಲದಲ್ಲಿ ರಕ್ತ, ಹಸಿರು ವಾಂತಿ, ಜ್ವರ? ನೋವು ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೆ? ಕಾಲಿನಲ್ಲಿ ಶಕ್ತಿ ಕಮ್ಮಿಯಾಗಿದೆಯೆ, ನಡಿಗೆ ಬದಲಾಗಿದೆಯೆ? ಇವುಗಳಲ್ಲಿ ಯಾವುದಾದರೂ ಇದ್ದರೆ ಮನೆಯ ಅಭ್ಯಾಸ ತಿದ್ದುತ್ತಾ ಕೂರಬಾರದು, ತಪಾಸಣೆ ಮೊದಲು ಆಗಬೇಕು. ಈ ಮಗುವಿಗೆ ಯಾವುದೂ ಇರಲಿಲ್ಲ. ಮೂತ್ರ ಪರೀಕ್ಷೆ ಮಾತ್ರ ಮಾಡಿಸಿದರು, ಏಕೆಂದರೆ ಕಟ್ಟಿದ ಮಲ ಮೂತ್ರಕೋಶವನ್ನು ಒತ್ತಿ ಸೋಂಕಿಗೆ ದಾರಿ ಮಾಡುತ್ತದೆ. ಅದೂ ಸರಿಯಾಗಿಯೇ ಬಂತು.

ಮೊದಲ ಯೋಜನೆ, ನಾಲ್ಕು ದಿನ

ವೈದ್ಯರು ದಸರಾ ರಜೆ ಶುರುವಾದ ಕೂಡಲೇ ಔಷಧಿ ಆರಂಭಿಸೋಣ ಎಂದಿದ್ದರು. ಅದಕ್ಕೆ ಇನ್ನೂ ಒಂದು ವಾರ ಇತ್ತು. ಮನೆಯವರು ಅಲ್ಲಿಯವರೆಗೆ ಕಾಯಲಿಲ್ಲ. ಲೆಕ್ಕದ ಪುಸ್ತಕ ನೋಡಿ ಗಾಬರಿಯಾಗಿದ್ದ ಅಪ್ಪ ಮರುದಿನದಿಂದಲೇ ಎಲ್ಲ ಬದಲಿಸಿಬಿಟ್ಟರು: ಫೋನ್ ಬಂದ್, ಟೀವಿ ಬಂದ್, ರಾತ್ರಿ ಎಂಟೂವರೆಗೆ ದೀಪ ಆಫ್, ಬೆಳಗ್ಗೆ ಐದೂವರೆಗೆ ವಾಕಿಂಗ್, ತಟ್ಟೆಯ ತುಂಬ ಸೊಪ್ಪು.

ನಾಲ್ಕನೇ ದಿನಕ್ಕೆ ಎಲ್ಲ ಮುರಿದುಬಿತ್ತು. ಎಂಟೂವರೆಗೆ ಮಲಗಿಸಿದ ಮಗು ಹತ್ತೂಮುಕ್ಕಾಲರ ತನಕ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಅಳುತ್ತಿತ್ತು. ಅಜ್ಜಿ ಕರುಳು ತಡೆಯದೆ ಹೊದಿಕೆಯೊಳಗೆ ಫೋನ್ ಕೊಟ್ಟರು. ಅಪ್ಪನಿಗೆ ಗೊತ್ತಾಗಿ ತಾಯಿ ಮಗನಿಗೆ ಮಾತಾಯಿತು. ಸೊಪ್ಪಿನ ಪಲ್ಯ ಜಾಸ್ತಿಯಾಗಿ, ನೀರು ಜಾಸ್ತಿಯಾಗದೆ, ಹೊಟ್ಟೆ ಉಬ್ಬರಿಸಿ ನೋವು ಹೆಚ್ಚಾಯಿತು.

ಯಾಕೆ ಹೀಗಾಯಿತು ಎಂಬುದನ್ನು ತಿಳಿದುಕೊಳ್ಳಬೇಕು. ತಿಂಗಳುಗಟ್ಟಲೆ ಹನ್ನೊಂದಕ್ಕೆ ಮಲಗಿ ಅಭ್ಯಾಸವಾದ ಮೈಗೆ ಎಂಟೂವರೆಗೆ ನಿದ್ದೆ ಬಾ ಎಂದರೆ ಬರುವುದಿಲ್ಲ. ಮಲಗುವ ಹೊತ್ತನ್ನು ಆಜ್ಞೆಯಿಂದ ಎಳೆಯಲಾಗದು, ಏಳುವ ಹೊತ್ತನ್ನು ಮಾತ್ರ ಹಿಡಿದು ನಿಲ್ಲಿಸಬಹುದು. ನಾರಿನ ಅಂಶವೂ ಅಷ್ಟೆ. ಕಟ್ಟಿದ ಗಡ್ಡೆ ಒಳಗಿರುವಾಗ ಮೇಲಿನಿಂದ ಸೊಪ್ಪು, ಹಣ್ಣು ತುಂಬಿದರೆ ದಾರಿ ಸಿಗದೆ ಗ್ಯಾಸ್ ತುಂಬುತ್ತದೆ. ಮೊದಲು ಖಾಲಿಯಾಗಬೇಕು, ಆಮೇಲೆ ನಾರು. ಕ್ರಮ ತಪ್ಪಿದ್ದರಿಂದ ಒಳ್ಳೆಯ ಸಲಹೆಗಳೇ ಮಗುವಿಗೆ ಶಿಕ್ಷೆಯಾದವು.

ಎರಡನೇ ಯೋಜನೆ: ಒಂದಾದ ಮೇಲೆ ಒಂದು

ದಸರಾ ರಜೆಯ ಮೊದಲ ಶನಿವಾರ ಔಷಧಿ ಶುರುವಾಯಿತು. ಪಾಲಿಎಥಿಲೀನ್ ಗ್ಲೈಕಾಲ್ ಪುಡಿ, ನೀರಿನಲ್ಲಿ ಕರಗಿಸಿ ಕುಡಿಯುವಂಥದ್ದು. ಅದು ಕರುಳನ್ನು ಹಿಂಡುವುದಿಲ್ಲ, ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಮೆದು ಮಾಡುತ್ತದೆ. ಕಟ್ಟಿದ್ದನ್ನು ತೆಗೆಯಲು ಸಾಮಾನ್ಯವಾಗಿ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಂ, ಮೂರರಿಂದ ಆರು ದಿನ. ಆಮೇಲೆ ಕಿಲೋಗೆ 0.4 ಗ್ರಾಂ ಆಸುಪಾಸು. ಈ ಮಗುವಿಗೆ ವೈದ್ಯರು ಮೊದಲು ದಿನಕ್ಕೆ 26 ಗ್ರಾಂ, ನಂತರ 9 ಗ್ರಾಂ ಬರೆದರು. ಪ್ರಮಾಣ ಮಗುವಿನಿಂದ ಮಗುವಿಗೆ ಬದಲಾಗುತ್ತದೆ, ಆದ್ದರಿಂದ ಇದನ್ನು ವೈದ್ಯರೇ ನಿಗದಿ ಮಾಡಬೇಕು. ಐದನೇ ದಿನಕ್ಕೆ ಹೊಟ್ಟೆಯ ಗಂಟು ಹೋಯಿತು. ಆ ಐದು ದಿನ ಮನೆಯಲ್ಲೇ ಇರಬೇಕು, ಟಾಯ್ಲೆಟ್ ಹತ್ತಿರ ಇರಬೇಕು, ಸೋರಿಕೆ ಮೊದಲು ಜಾಸ್ತಿಯಾಗುತ್ತದೆ ಎಂದು ಮುಂಚೆಯೇ ಹೇಳಿದ್ದರಿಂದ ಯಾರೂ ಗಾಬರಿಯಾಗಲಿಲ್ಲ. ಶಾಲೆ ನಡೆಯುವಾಗ ಇದನ್ನು ಮಾಡಿದ್ದರೆ ಮಗು ಕ್ಲಾಸಿನಲ್ಲಿ ಎಲ್ಲರೆದುರು ಅವಮಾನ ಪಡಬೇಕಾಗುತ್ತಿತ್ತು.

ಮುಂದಿನ ನಿರ್ಧಾರ ಊಟದ ಹೊತ್ತಿನದು. ಇಲ್ಲೇ ಮನೆ ನಿಜವಾಗಿ ತಿಣುಕಿದ್ದು. ನಿದ್ದೆ ಒಂಬತ್ತಕ್ಕೆ ಬರಬೇಕಾದರೆ ಊಟ ಏಳೂವರೆಗೆ ಆಗಬೇಕು. ಅಪ್ಪ ಬರುವುದು ಒಂಬತ್ತೂಕಾಲಿಗೆ. "ನಾನು ಬರೋ ಹೊತ್ತಿಗೆ ಮಕ್ಕಳು ಮಲಗಿರ್ತವೆ ಅಂದ್ರೆ ನಾನು ಅವರ ಮುಖ ನೋಡೋದು ಯಾವಾಗ?" ಎಂದು ಅವರು ಕೇಳಿದರು. ಈ ಪ್ರಶ್ನೆಯನ್ನು ಹಟ ಎಂದು ತಳ್ಳಿಹಾಕಿದ ಮನೆಗಳಲ್ಲಿ ಹೊಸ ವೇಳಾಪಟ್ಟಿ ಹೆಚ್ಚು ದಿನ ನಿಲ್ಲುವುದು ಕಷ್ಟ. ಅಪ್ಪನಿಗೆ ಮಗಳ ಜೊತೆ ಕೂತು ತಿನ್ನುವ ಒಂದು ಹೊತ್ತು ಬೇಕು, ಮಗಳಿಗೂ ಬೇಕು. ಅದು ರಾತ್ರಿಯೇ ಆಗಬೇಕೆಂದೇನಿಲ್ಲ. ಅಂಗಡಿ ತೆರೆಯುವುದು ಒಂಬತ್ತೂವರೆಗೆ. ಬೆಳಗ್ಗೆ ಅವರು ಏಳೂವರೆ ತನಕ ಮಲಗಿರುತ್ತಿದ್ದರು. ಹಾಗಾಗಿ ಮನೆಯ ಒಟ್ಟು ಊಟ ಬೆಳಗಿನ ತಿಂಡಿಗೆ ಬದಲಾಯಿತು. 6:30ಕ್ಕೆ ಅಪ್ಪ ಮಗಳು ಎದುರುಬದುರು ಕೂತು ತಿಂಡಿ, ಫೋನಿಲ್ಲದೆ, 20 ನಿಮಿಷ. ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಫಲ ಕೊಟ್ಟ ನಿರ್ಧಾರ ಇದು, ಔಷಧಿಯನ್ನು ಬಿಟ್ಟರೆ.

ಅಜ್ಜಿಯ ಧಾರಾವಾಹಿಯ ವಿಷಯವನ್ನೂ ಅಷ್ಟೇ ಗೌರವದಿಂದ ಬಗೆಹರಿಸಿದರು. ಇಡೀ ದಿನ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಹೆಂಗಸಿಗೆ ಇದ್ದದ್ದು ಆ ಒಂದೂವರೆ ಗಂಟೆ. ಅದೇ ಕಂತುಗಳು ಮರುದಿನ ಮಧ್ಯಾಹ್ನ ಮರುಪ್ರಸಾರವಾಗುತ್ತವೆ. ಚಿಕ್ಕವನು ಮಲಗಿರುವ ಎರಡು ಗಂಟೆಯ ಹೊತ್ತಿಗೆ ಅವರು ನೋಡತೊಡಗಿದರು. ರಾತ್ರಿ 8:15ಕ್ಕೆ ಟೀವಿ ಆಫ್. ಅದೇ ಹೊತ್ತಿಗೆ ಅಮ್ಮ, ಅಜ್ಜಿ ಇಬ್ಬರ ಫೋನೂ ಅಡುಗೆಮನೆಯ ಶೆಲ್ಫಿನ ಮೇಲೆ ಚಾರ್ಜಿಗೆ. ದೊಡ್ಡವರ ಫೋನ್ ಕೈಯಲ್ಲಿದ್ದು ಮಗುವಿನದು ಮಾತ್ರ ಕಿತ್ತುಕೊಂಡರೆ ದಿನಾ ಜಗಳವೇ. ದೀಪ ಸಣ್ಣದು ಮಾಡಿ ಅಜ್ಜಿ ಕಥೆ ಹೇಳುವುದು, 20 ನಿಮಿಷ.

ಏಳುವ ಹೊತ್ತು ರಜೆಯಲ್ಲೂ 6:15 ಎಂದು ಗಟ್ಟಿ ಮಾಡಿಕೊಂಡರು, ಎದ್ದ ಕೂಡಲೇ ಹತ್ತು ನಿಮಿಷ ಅಂಗಳದ ಬೆಳಕಿನಲ್ಲಿ. ಮಲಗುವ ಹೊತ್ತನ್ನು ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ತಂದರು. ಹನ್ನೊಂದರಿಂದ ಒಂಬತ್ತಕ್ಕೆ ಬರಲು ಎಂಟು ಹೆಜ್ಜೆ, ಸುಮಾರು 24 ದಿನ. ನಿಧಾನ ಅನ್ನಿಸಿತು, ಆದರೆ ಒಂದು ರಾತ್ರಿಯೂ ಅಳುವಿರಲಿಲ್ಲ. ಭಾನುವಾರ ಮಾತ್ರ ಏಳುವುದು ಹೆಚ್ಚೆಂದರೆ ಒಂದು ಗಂಟೆ ತಡ ಆಗಬಹುದು, ಅದೊಂದೇ ವಿನಾಯಿತಿ.

ಹಾಲನ್ನು 700ರಿಂದ 400 ಮಿಲಿಲೀಟರಿಗೆ ಇಳಿಸುವಾಗ ಅಜ್ಜಿ ಒಪ್ಪಲಿಲ್ಲ. "ಬೆಳೆಯೋ ಮಗೂಗೆ ಹಾಲು ಕಮ್ಮಿ ಮಾಡೋದಾ?" ಅವರಿಗೆ ಲೆಕ್ಕ ತೋರಿಸಬೇಕಾಯಿತು: 100 ಮಿಲಿಲೀಟರ್ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ, 100 ಗ್ರಾಂ ರಾಗಿ ಹಿಟ್ಟಿನಲ್ಲಿ 350ರ ಆಸುಪಾಸು. ರಾಗಿ ಬೆಳೆಯುವ ಸೀಮೆಯಲ್ಲಿ ರಾಗಿಯನ್ನು ದೊಡ್ಡವರ ತಟ್ಟೆಗೆ ಬಿಟ್ಟು ಮಗುವಿಗೆ ಬಿಸ್ಕೆಟ್ ಕೊಡುತ್ತಿದ್ದೆವಲ್ಲ ಎಂದು ಅಜ್ಜಿಯೇ ಹೇಳಿದರು. ಬೆಳಗಿನ ದೊಡ್ಡ ಲೋಟ ಹೋಗಿ ಆ ಜಾಗಕ್ಕೆ ತಿಂಡಿ ಬಂತು: ಈರುಳ್ಳಿ, ಕ್ಯಾರೆಟ್ ತುರಿ, ನುಗ್ಗೆಸೊಪ್ಪು ಹಾಕಿದ ತೆಳು ರಾಗಿರೊಟ್ಟಿ ವಾರಕ್ಕೆ ಮೂರು ದಿನ, ಉಳಿದ ದಿನ ಇಡ್ಲಿ, ದೋಸೆ, ತರಕಾರಿ ಉಪ್ಪಿಟ್ಟು.

ನಾರಿನ ಗುರಿ ಇಟ್ಟುಕೊಳ್ಳಲು ಸುಲಭದ ಸೂತ್ರ ಇದೆ: ಮಗುವಿನ ವಯಸ್ಸಿಗೆ 5 ಸೇರಿಸಿದರೆ ದಿನಕ್ಕೆ ಬೇಕಾದ ಗ್ರಾಂ. ಇಲ್ಲಿ 13 ಗ್ರಾಂ. ಒಂದು ಸಾಧಾರಣ ಸೀಬೆಹಣ್ಣಿನಲ್ಲಿ 5 ಗ್ರಾಂ ಸಿಗುತ್ತದೆ, ಒಂದು ರಾಗಿರೊಟ್ಟಿಯಲ್ಲಿ 4ರಿಂದ 5. ಉಳಿದದ್ದು ಹೆಸರುಬೇಳೆ ಕೋಸಂಬರಿ, ಬಸ್ಸಾರಿನ ಕಾಳು, ಪರಂಗಿಹಣ್ಣು. ಸಂಜೆಯ ಪಫ್ಸ್ ಜಾಗಕ್ಕೆ ಸೀಬೆ, ಇಲ್ಲವೇ ಈರುಳ್ಳಿ ಟೊಮ್ಯಾಟೊ ಕಲಸಿದ ಪುರಿ ಜೊತೆ ಹುರಿದ ಕಡಲೆಬೀಜ. ಸೊಪ್ಪಿನ ಪಲ್ಯವನ್ನು ತಟ್ಟೆಗೆ ಬಡಿಸುವುದನ್ನೇ ನಿಲ್ಲಿಸಿದರು. ಸಾರಿನಲ್ಲಿ, ರೊಟ್ಟಿಯಲ್ಲಿ ಹೋದಷ್ಟು ಹೋಯಿತು.

ಕೂರುವ ಕ್ರಮ

ಊಟವಾದ ಮೇಲೆ ಕರುಳು ತಾನಾಗಿ ಚಲಿಸುತ್ತದೆ. ಅದರಲ್ಲೂ ಬೆಳಗಿನ ತಿಂಡಿಯ ನಂತರದ ಅರ್ಧ ಗಂಟೆ ಅಮೂಲ್ಯ. ಹಿಂದಿನ ವೇಳಾಪಟ್ಟಿಯಲ್ಲಿ ಆ ಅರ್ಧ ಗಂಟೆ ವ್ಯಾನಿಗೆ ಹೊರಡುವ ಗಡಿಬಿಡಿಯಲ್ಲಿ ಕಳೆದುಹೋಗುತ್ತಿತ್ತು, ಹೊಟ್ಟೆನೋವು ಬರುತ್ತಿದ್ದದ್ದೂ ಆಗಲೇ. ಹೊಸ ಕ್ರಮದಲ್ಲಿ 6:30ಕ್ಕೆ ತಿಂಡಿ, 6:55ಕ್ಕೆ ಟಾಯ್ಲೆಟ್, ಐದರಿಂದ ಹತ್ತು ನಿಮಿಷ; ರಾತ್ರಿ ಊಟದ ನಂತರ ಮತ್ತೊಮ್ಮೆ. ಬಂದರೂ ಬಾರದಿದ್ದರೂ ಹತ್ತು ನಿಮಿಷಕ್ಕೆ ಎದ್ದುಬರಬೇಕು.

ಮನೆಯ ಕಮೋಡಿನಲ್ಲಿ ಕೂತರೆ ಮಗುವಿನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕಾಲು ತೂಗಾಡುವಾಗ ಗುದದ ಸುತ್ತಲಿನ ಸ್ನಾಯು ಸರಿಯಾಗಿ ಸಡಿಲಾಗುವುದಿಲ್ಲ, ಮುಕ್ಕರಿಯಲು ಆಧಾರ ಸಿಗುವುದಿಲ್ಲ. 20 ಸೆಂಟಿಮೀಟರ್ ಎತ್ತರದ ಪ್ಲಾಸ್ಟಿಕ್ ಸ್ಟೂಲ್ ಕಾಲ ಕೆಳಗಿಟ್ಟರು. ಮಂಡಿ ಸೊಂಟಕ್ಕಿಂತ ಮೇಲೆ ಬರಬೇಕು, ಮೊಣಕೈ ತೊಡೆಯ ಮೇಲೆ. ಬಲೂನ್ ಊದುವ ಹಾಗೆ ಗಾಳಿ ಬಿಡಲು ಹೇಳಿಕೊಟ್ಟರು. ಕ್ಯಾಲೆಂಡರಿನಲ್ಲಿ ಅಂಟಿಸುವ ಸ್ಟಿಕರ್ ಕೂತಿದ್ದಕ್ಕೆ ಮಾತ್ರ, ಮಲ ಹೋಗಿದ್ದಕ್ಕಲ್ಲ. ಕೂರುವುದು ಮಗುವಿನ ಕೈಯಲ್ಲಿದೆ, ಹೋಗುವುದು ಅದರ ಕೈಯಲ್ಲಿಲ್ಲ. ಕೈಯಲ್ಲಿಲ್ಲದ್ದಕ್ಕೆ ಬಹುಮಾನ ಇಟ್ಟರೆ ಬಹುಮಾನ ಸಿಗದ ದಿನ ಮಗುವಿಗೆ ಸೋತ ಭಾವ ಬರುತ್ತದೆ.

ಚಿಲಕ

ರಜೆ ಮುಗಿದು ಶಾಲೆ ಶುರುವಾದ ಮೊದಲ ವಾರ ಮನೆಯಲ್ಲಿ ಎಲ್ಲ ಚೆನ್ನಾಗಿತ್ತು. ನೀರಿನ ಬಾಟಲಿ ಮಾತ್ರ ತುಂಬಿದ ಹಾಗೇ ವಾಪಸ್ ಬರುತ್ತಿತ್ತು. "ಯಾಕೆ ನೀರು ಕುಡಿಯಲ್ಲ?" ಎಂದು ಕೇಳಿದರೆ "ಬಾಯಾರಿಕೆ ಆಗಲ್ಲ." ವೈದ್ಯರ ಸಲಹೆಯಂತೆ ಅಮ್ಮ ಪ್ರಶ್ನೆ ಕೇಳುವುದನ್ನು ಬಿಟ್ಟು, ನಿಮ್ಮ ಶಾಲೆಯ ಮ್ಯಾಪ್ ಬರೆದು ತೋರಿಸು ಅಂದರು. ಗೇಟು, ಕ್ಲಾಸು, ಆಟದ ಬಯಲು, ನಲ್ಲಿ ಎಲ್ಲವನ್ನೂ ಬಣ್ಣದ ಪೆನ್ಸಿಲಿನಲ್ಲಿ ಬರೆದ ಮಗು ಹುಡುಗಿಯರ ಟಾಯ್ಲೆಟ್ ಜಾಗವನ್ನು ಖಾಲಿ ಬಿಟ್ಟಿತು. ಇಲ್ಲೇನಿದೆ ಎಂದಾಗ ಬಾಯಿ ಬಿಟ್ಟಿತು: ಎರಡು ಬಾಗಿಲಿಗೆ ಚಿಲಕ ಇಲ್ಲ, ದೊಡ್ಡ ಕ್ಲಾಸಿನ ಹುಡುಗಿಯರು ತಳ್ಳಿ ನಗುತ್ತಾರೆ. ಇಂಟರ್ವಲ್ ಹತ್ತು ನಿಮಿಷ, ಅಷ್ಟೂ ಹೊತ್ತು ಕ್ಯೂ. ಕ್ಲಾಸ್ ನಡೆಯುವಾಗ "ಮಿಸ್, ಒಂದಕ್ಕೆ" ಅಂದರೆ "ಇಂಟರ್ವಲ್‌ನಲ್ಲಿ ಏನ್ ಮಾಡ್ತಿದ್ದೆ?" ಎಂಬ ಮಾತು. ಅದಕ್ಕೆ ನೀರೇ ಕುಡಿಯದೆ ಇದ್ದುಬಿಡುವುದನ್ನು ಆ ಮಗು ಜೂನ್‌ನಲ್ಲೇ ಕಲಿತಿತ್ತು. ಹಿಂದಿನ ವರ್ಷ ಅವಳ ಕ್ಲಾಸು ಬೇರೆ ಕಟ್ಟಡದಲ್ಲಿತ್ತು, ಅಲ್ಲಿ ಆಯಾ ಇದ್ದರು.

ಅಮ್ಮ ಶಾಲೆಗೆ ಹೋದಾಗ ದೂರು ಹೇಳಲಿಲ್ಲ, ಎರಡು ಕೋರಿಕೆ ಇಟ್ಟರು. ವೈದ್ಯರ ಚೀಟಿ ತೋರಿಸಿ, ಎರಡನೇ ಪೀರಿಯಡ್ ಶುರುವಾದ ಮೇಲೆ ಕ್ಯೂ ಇಲ್ಲದಾಗ ಹೋಗಲು ಅನುಮತಿ. ಎಲ್ಲರೆದುರು ಕೇಳಬೇಕಾಗದಂತೆ ಟೀಚರ್ ಮೇಜಿನ ಮೇಲೆ ಸಣ್ಣ ಕಾರ್ಡ್ ಇಟ್ಟು ಹೋಗುವ ಏರ್ಪಾಡು. ಎರಡನೆಯದು ಚಿಲಕ. ಶಾಲೆಯವರು ನೋಡೋಣ ಎಂದಾಗ ಅಪ್ಪ ತಮ್ಮ ಅಂಗಡಿಯಿಂದಲೇ ನಾಲ್ಕು ಚಿಲಕ, ಸ್ಕ್ರೂ ತೆಗೆದುಕೊಂಡು ಶನಿವಾರ ಮಧ್ಯಾಹ್ನ ಬಡಗಿಯ ಜೊತೆ ಹೋದರು. ಹಳೆಯ ಚಿಲಕಗಳ ಗುರುತು ಬಾಗಿಲ ಮೇಲ್ತುದಿಯಲ್ಲಿತ್ತು. ಮೂರನೇ ಕ್ಲಾಸಿನ ಮಗುವಿನ ಕೈ ಅಲ್ಲಿಗೆ ಹೋಗುವುದೇ ಕಷ್ಟ. ಹೊಸದನ್ನು ನೆಲದಿಂದ 90 ಸೆಂಟಿಮೀಟರಿಗೆ ಹಾಕಿಸಿದರು. ಸೋಮವಾರ ಸಂಜೆ ಬಾಟಲಿ ಅರ್ಧ ಖಾಲಿಯಾಗಿ ಬಂತು. ಎರಡು ವಾರದಲ್ಲಿ ದಿನಕ್ಕೆ ಒಂದು ಲೀಟರ್ ದಾಟಿತು.

ಶಾಲೆಗೆ ಹೋಗುವ ಮಗುವಿಗೆ ಮಲಬದ್ಧತೆ ಅಥವಾ ಮೂತ್ರದ ಸೋಂಕು ಮರುಕಳಿಸುತ್ತಿದ್ದರೆ ಶಾಲೆಯ ಟಾಯ್ಲೆಟ್ಟನ್ನು ತಂದೆ ತಾಯಿ ಒಮ್ಮೆ ಕಣ್ಣಾರೆ ನೋಡಬೇಕು: ನೀರಿದೆಯೆ, ಮಗ್ ಇದೆಯೆ, ಚಿಲಕ ಮಗುವಿನ ಕೈಗೆ ಎಟುಕುತ್ತದೆಯೆ. ಪೋಷಕರ ಸಭೆಯ ದಿನ ಐದು ನಿಮಿಷದ ಕೆಲಸ.

ಹಿನ್ನಡೆ

ನವೆಂಬರ್ ಮಧ್ಯದ ಹೊತ್ತಿಗೆ ದಿನಕ್ಕೊಮ್ಮೆ ಮೆದುವಾಗಿ ಹೋಗುತ್ತಿತ್ತು, ಕಲೆ ನಿಂತಿತ್ತು, ನೋವಿರಲಿಲ್ಲ. "ಔಷಧಿ ಅಭ್ಯಾಸ ಆಗಿಬಿಡತ್ತೆ" ಎಂದು ಮನೆಯವರೇ ಪುಡಿ ನಿಲ್ಲಿಸಿದರು. ತಿಂಗಳ ಕೊನೆಗೆ ಬಂಧುಗಳ ಮದುವೆ, ಮೂರು ದಿನ ಛತ್ರದಲ್ಲಿ ವಾಸ. ಅಲ್ಲಿಯ ಟಾಯ್ಲೆಟ್ಟಿಗೆ ಮಗು ಹೋಗಲಿಲ್ಲ. ನಾಲ್ಕನೇ ದಿನ ಮನೆಯಲ್ಲಿ ಗಟ್ಟಿಯಾಗಿ, ಸ್ವಲ್ಪ ರಕ್ತ ಬಂದು, ಮಗು ಕಿರುಚಿತು. ಮರುದಿನದಿಂದ ಮತ್ತೆ ತುದಿಗಾಲು, ಮತ್ತೆ ಸೋಫಾ ಹಿಂದೆ.

ನೋವು ನಿಂತಿತು ಎಂದ ಕೂಡಲೇ ಕರುಳು ಸರಿಹೋಯಿತು ಎಂದಲ್ಲ. ತಿಂಗಳುಗಟ್ಟಲೆ ಹಿಗ್ಗಿದ ಗುದನಾಳ ಮೊದಲಿನ ಅಳತೆಗೆ ಬಂದು, "ಈಗ ಹೋಗಬೇಕು" ಎಂಬ ಅರಿವು ಮರಳಲು ತಿಂಗಳುಗಳೇ ಬೇಕು. ಅದಕ್ಕಾಗಿಯೇ ಮಲ ಮತ್ತೆ ಕಟ್ಟದಂತೆ ಕಾಪಾಡುವ ಸಣ್ಣ ಪ್ರಮಾಣದ ಔಷಧಿಯನ್ನು ಕನಿಷ್ಠ ಎರಡು ತಿಂಗಳು ಕೊಡಬೇಕು, ಎಲ್ಲ ಲಕ್ಷಣ ಹೋಗಿ ಒಂದು ತಿಂಗಳಾದ ಮೇಲೇ ನಿಧಾನವಾಗಿ ಇಳಿಸಬೇಕು, ಒಮ್ಮೆಗೇ ನಿಲ್ಲಿಸಬಾರದು. ಎಷ್ಟೋ ಮಕ್ಕಳಿಗೆ ಆರು ತಿಂಗಳೂ ಬೇಕಾಗುತ್ತದೆ. ಈ ಪುಡಿ ಕರುಳಿಗೆ ಚಟ ಹಿಡಿಸುವಂಥದ್ದಲ್ಲ. ಬೇಗ ನಿಲ್ಲಿಸಿ, ಒಂದೇ ಒಂದು ಸಲ ನೋವಾದರೂ, ಮಗು ಮತ್ತೆ ತಡೆಹಿಡಿಯಲು ಕಲಿಯುತ್ತದೆ. ಆ ಹೆದರಿಕೆ ಬಿಡಿಸುವುದೇ ಹೆಚ್ಚು ಕಷ್ಟ. ಸುಧಾರಿಸಿದ ಮಕ್ಕಳಲ್ಲಿ ತೊಂದರೆ ಮರುಕಳಿಸಲು ಅವಸರದಲ್ಲಿ ಔಷಧಿ ಬಿಡುವುದು ಒಂದು ಸಾಮಾನ್ಯ ಕಾರಣ.

ಡಿಸೆಂಬರಿನಲ್ಲಿ ಮತ್ತೆ ಎರಡು ದಿನ ಹೆಚ್ಚಿನ ಪ್ರಮಾಣ, ಆಮೇಲೆ 9 ಗ್ರಾಂ. ಈ ಸಲ ಅಜ್ಜಿ ಯಾರಿಗೂ ಪುಡಿ ಮುಟ್ಟಲು ಬಿಡಲಿಲ್ಲ; ಡಬ್ಬಿ ಅವರ ಮಂಚದ ಕೆಳಗೆ. ಪ್ರಯಾಣಕ್ಕೊಂದು ಚೀಲ ಮಾಡಿಕೊಂಡರು: ಪುಡಿ, ನೀರಿನ ಬಾಟಲಿ, ಒಂದು ಮಗ್, ಸೋಪು, ಎರಡು ಚಡ್ಡಿ. ಎಲ್ಲಿಗೆ ಹೋದರೂ ಮೊದಲು ಟಾಯ್ಲೆಟ್ ತೋರಿಸಿ, ತಿಂಡಿಯ ನಂತರ ಅಮ್ಮ ಬಾಗಿಲ ಹೊರಗೆ ನಿಂತಿರುವುದು.

ಏನಾಯಿತು, ಏನು ಆಗಲಿಲ್ಲ

ದಸರಾ ನಂತರದ ಅವಧಿಯಲ್ಲಿ ತಪ್ಪಿದ ಶಾಲೆ ಐದು ದಿನ. ಮೂರು ಜ್ವರಕ್ಕೆ, ಎರಡು ಆ ಮದುವೆಯ ನಂತರ. ತೂಕಡಿಕೆ ಜನವರಿಯಲ್ಲಿ ನಿಂತಿತು. ಟೀಚರ್ ಗಮನ ಸುಧಾರಿಸಿದೆ ಎಂದು ಬರೆದರು. ಅದು ನಿದ್ದೆಯಿಂದ ಆಯಿತೋ, ನೋವು ಹೋಗಿದ್ದರಿಂದ ಆಯಿತೋ, ಬೆಳಗ್ಗೆ ಹೊಟ್ಟೆಗೆ ಬಿದ್ದದ್ದರಿಂದ ಆಯಿತೋ ಬೇರೆ ಮಾಡಿ ಹೇಳಲಾಗದು. ಮೂರೂ ಒಟ್ಟಿಗೆ ಬದಲಾಗಿದ್ದವು. ಅಂಕಗಳಲ್ಲಿ ಹೇಳುವಂಥ ವ್ಯತ್ಯಾಸ ಇಲ್ಲ, ಅದನ್ನು ಯಾರೂ ಗುರಿಯಾಗಿ ಇಟ್ಟುಕೊಂಡಿರಲೂ ಇಲ್ಲ.

ತರಕಾರಿ ಆರಿಸಿ ತಟ್ಟೆಯ ಅಂಚಿಗಿಡುವುದು ಇನ್ನೂ ಇದೆ. ಶನಿವಾರ ರಾತ್ರಿ ಫೋನಿಗೆ ಗಲಾಟೆ ಇದೆ. ಬೆಳಗಿನ ವಾಕಿಂಗ್ ಯೋಜನೆ ಪೂರ್ತಿ ಬಿದ್ದುಹೋಯಿತು. ಬದಲಿಗೆ ಸಂಜೆ ಐದರಿಂದ ಆರರವರೆಗೆ ಬೀದಿಯ ಮಕ್ಕಳ ಜೊತೆ ಆಟ, ಕುಂಟೆಬಿಲ್ಲೆ, ಸೈಕಲ್. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದಕ್ಕೆ ಇಷ್ಟು ಸಾಕು. ಟ್ಯೂಷನ್ ಬಿಡಿಸಿದ್ದರಿಂದ ಆ ಒಂದು ಗಂಟೆ ಸಿಕ್ಕಿತು. ಇದಕ್ಕೆ ಅಪ್ಪನನ್ನು ಒಪ್ಪಿಸಲು ಮೂರು ವಾರ ಬೇಕಾಯಿತು.

ಅಪ್ಪ ಮಗಳ ಬೆಳಗಿನ ತಿಂಡಿ ಒಂದು ದಿನವೂ ತಪ್ಪಿಲ್ಲ ಎಂದೇನಲ್ಲ. ಸ್ಟಾಕ್ ಬರುವ ದಿನ ತಪ್ಪುತ್ತದೆ. ಆ ದಿನ ಮಗಳು ಕೂರುವುದನ್ನೂ ಮರೆಯುತ್ತಾಳೆ ಎಂದು ಅಮ್ಮ ಗಮನಿಸಿದ್ದಾರೆ. ಹಾಗಾಗಿ ಆ ದಿನಗಳಲ್ಲಿ ಅಜ್ಜಿ ಎದುರು ಕೂರುತ್ತಾರೆ.

ಮಾರ್ಚ್ ಮೊದಲ ವಾರದಿಂದ ಪುಡಿಯನ್ನು 9ರಿಂದ 6 ಗ್ರಾಂಗೆ, ಮೂರು ವಾರದ ನಂತರ 4ಕ್ಕೆ ಇಳಿಸಿದ್ದಾರೆ. ಎರಡು ದಿನ ಸತತವಾಗಿ ಹೋಗದಿದ್ದರೆ ಹಿಂದಿನ ಪ್ರಮಾಣಕ್ಕೆ ಮರಳಬೇಕೆಂದು ಲೆಕ್ಕದ ಪುಸ್ತಕದ ಒಳರಟ್ಟಿನ ಮೇಲೆ ಬರೆದುಕೊಂಡಿದ್ದಾರೆ. ಏಪ್ರಿಲ್‌ನಲ್ಲಿ ಬೇಸಿಗೆ ರಜೆಗೆ ಅಮ್ಮನ ತವರಿಗೆ ಹೋಗುವುದಿದೆ. ಅಲ್ಲಿಯ ಟಾಯ್ಲೆಟ್ ಅಂಗಳದಾಚೆ, ರಾತ್ರಿ ದೀಪವಿಲ್ಲ. ಬಲ್ಬ್ ಹಾಕಿಸಲು ಅಪ್ಪ ಆಗಲೇ ಹೇಳಿ ಕಳಿಸಿದ್ದಾರೆ.